ಹಲ್ಲು ಕಿತ್ತ ಮಗುವಿನ ಗಾಯಕ್ಕೆ ಲೇಸರ್ ಬೆಳಕು: ಆಧಾರವೆಷ್ಟು, ಅಗತ್ಯವೆಷ್ಟು?

ಹುಳುಕು ಹಿಡಿದ ಹಾಲುಹಲ್ಲನ್ನು ಕಿತ್ತ ಮೇಲೆ, ರಕ್ತ ನಿಂತ ಕುಳಿಯ ಸುತ್ತ ಪೆನ್ನಿನಾಕಾರದ ಉಪಕರಣವೊಂದನ್ನು ಒಂದೆರಡು ನಿಮಿಷ ಹಿಡಿದು ಲೇಸರ್ ಬೆಳಕು ಹಾಯಿಸಿದರೆ ಮಗುವಿಗೆ ನೋವು ಕಡಿಮೆಯಾಗುತ್ತದೆ, ಗಾಯವೂ ಬೇಗ ಮಾಯುತ್ತದೆ ಎಂಬ ಸಲಹೆ ಮಕ್ಕಳ ದಂತ ಚಿಕಿತ್ಸೆಯಲ್ಲಿ ಈಗ ಆಗಾಗ ಕೇಳಿಬರುತ್ತಿದೆ. ಸೂಜಿ ಚುಚ್ಚುವ ಕೆಲಸವಿಲ್ಲ, ನುಂಗುವ ಮದ್ದಿಲ್ಲ, ಉರಿಯಿಲ್ಲ. ಅಳುತ್ತಿರುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಂದೆತಾಯಿಗೆ ಇದಕ್ಕಿಂತ ಹಿತವಾದ ಮಾತು ಬೇರೆ ಇರಲಾರದು. ಆದರೆ ಹಿತವಾದ ಮಾತನ್ನೇ ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕಾಗುತ್ತದೆ. ಈ ಬೆಳಕಿಗೆ ಜೈವಿಕ ಆಧಾರವಿದೆ, ಸರಿಯಾಗಿ ಬಳಸಿದರೆ ಅಪಾಯವೂ ಕಡಿಮೆ. ಆದರೂ ಸಾಮಾನ್ಯ ಹಾಲುಹಲ್ಲನ್ನು ಕಿತ್ತ ಸಂದರ್ಭದಲ್ಲಿ ಅದರಿಂದ ದೊರೆಯುವ ಹೆಚ್ಚುವರಿ ಲಾಭ ಚಿಕ್ಕದು, ಹೊತ್ತಿಗೆ ಸರಿಯಾಗಿ ಕೊಡುವ ನೋವಿನ ಔಷಧಿಯ ಜಾಗವನ್ನು ಅದು ಎಂದಿಗೂ ತುಂಬಲಾರದು ಎಂಬುದು ನನ್ನ ತಿಳಿವಳಿಕೆ. ಹಾಗೆ ಹೇಳಲು ಕಾರಣಗಳೇನೆಂದು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ದಂತವೈದ್ಯರ ಬಳಿ ಲೇಸರ್ ಎಂದಾಕ್ಷಣ ಹಲವರಿಗೆ ನೆನಪಾಗುವುದು ವಸಡನ್ನು ಕತ್ತರಿಸುವ, ಹಲ್ಲನ್ನು ಕೊರೆಯುವ ಹೆಚ್ಚು ಶಕ್ತಿಯ ಲೇಸರ್. ಅದು ಅಂಗಾಂಶವನ್ನು ಬಿಸಿ ಮಾಡಿ ಆವಿಯಾಗಿಸುತ್ತದೆ. ಇಲ್ಲಿ ಮಾತನಾಡುತ್ತಿರುವುದು ಅದರ ಬಗ್ಗೆ ಅಲ್ಲ. ಗಾಯ ಮಾಯಿಸಲು ಬಳಸುವ ಲೇಸರ್‌ನ ಶಕ್ತಿ ಸಾಮಾನ್ಯವಾಗಿ ಅರ್ಧ ವ್ಯಾಟ್‌ಗಿಂತ ಕಡಿಮೆ ಇರುತ್ತದೆ. ಅದು ಕತ್ತರಿಸುವುದಿಲ್ಲ, ಸುಡುವುದಿಲ್ಲ, ಮಗುವಿಗೆ ಅದರ ಸ್ಪರ್ಶ ಗೊತ್ತಾಗುವುದೇ ಅಪರೂಪ. ಹಿಂದೆ ಇದನ್ನು ಕಡಿಮೆ ಮಟ್ಟದ ಲೇಸರ್ ಚಿಕಿತ್ಸೆ ಎನ್ನುತ್ತಿದ್ದರು, ಈಗ ವೈದ್ಯಕೀಯ ಬರಹಗಳಲ್ಲಿ ಫೋಟೋಬಯೋಮಾಡ್ಯುಲೇಷನ್ ಎಂಬ ಹೆಸರು ನೆಲೆಗೊಂಡಿದೆ. ಒಂದೇ ಡಯೋಡ್ ಯಂತ್ರವನ್ನು ಶಕ್ತಿ ಹೆಚ್ಚಿಸಿ ಕತ್ತರಿಸಲೂ, ತಗ್ಗಿಸಿ ಗಾಯಕ್ಕೆ ಬೆಳಕು ಕೊಡಲೂ ಬಳಸಬಹುದಾದ್ದರಿಂದ ಈ ಎರಡು ಚಿಕಿತ್ಸೆಗಳು ಜನರ ಮನಸ್ಸಿನಲ್ಲಿ ಬೆರೆತುಹೋಗಿವೆ. ಒಂದರ ಯಶಸ್ಸನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ತೋರಿಸುವುದು ಸರಿಯಲ್ಲ.

ಥಿಯೊಡೋರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳನ್ನು ಬಳಸಿ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಅದಾಗಿ ಏಳು ವರ್ಷಗಳೊಳಗೆ, 1967ರಲ್ಲಿ, ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ ಅವರು ಕೂದಲು ಬೋಳಿಸಿದ ಇಲಿಗಳ ಚರ್ಮಕ್ಕೆ ದುರ್ಬಲ ಮಾಣಿಕ್ಯ ಲೇಸರ್‌ನ ಕೆಂಪು ಬೆಳಕು ಹಾಯಿಸಿದಾಗ, ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆದುದನ್ನು ಗಮನಿಸಿದರು. ಮುಂದೆ ಅವರು ಮಾಯದ ಹುಣ್ಣುಗಳ ಮೇಲೂ ಅದೇ ಬೆಳಕನ್ನು ಪ್ರಯೋಗಿಸಿದರು. ಒಂದು ಅನಿರೀಕ್ಷಿತ ಗಮನಿಕೆಯಿಂದ ಹುಟ್ಟಿದ ಈ ಚಿಕಿತ್ಸೆಗೆ ವಿವರಣೆ ಬಹುಕಾಲ ಇರಲಿಲ್ಲ. ವಿವರಣೆಯಿಲ್ಲದ ಆ ದಶಕಗಳಲ್ಲೇ ಅದು ನೂರಾರು ಕಾಯಿಲೆಗಳಿಗೆ ಮದ್ದೆಂದು ಮಾರಾಟವಾಗಿದ್ದರಿಂದ, ಗಂಭೀರ ವೈದ್ಯರು ಅದನ್ನು ಅನುಮಾನದಿಂದ ನೋಡುವಂತಾಯಿತು. ಆ ಅನುಮಾನ ಪೂರ್ತಿ ಕರಗಿಲ್ಲ, ಕರಗಬೇಕಾದ ಅವಸರವೂ ಇಲ್ಲ.

ಈಗ ಹೆಚ್ಚು ಒಪ್ಪಿಗೆ ಪಡೆದಿರುವ ವಿವರಣೆ ಹೀಗಿದೆ. ಜೀವಕೋಶಕ್ಕೆ ಬೇಕಾದ ಶಕ್ತಿಯನ್ನು ತಯಾರಿಸುವ ಮೈಟೋಕಾಂಡ್ರಿಯಾದೊಳಗೆ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಸುಮಾರು 600ರಿಂದ 700 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಕೆಂಪು ಬೆಳಕನ್ನೂ 780ರಿಂದ 1,100 ನ್ಯಾನೋಮೀಟರ್‌ವರೆಗಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕೆಲವು ಭಾಗಗಳನ್ನೂ ಈ ಕಿಣ್ವ ಹೀರಿಕೊಳ್ಳುತ್ತದೆ. ಪೆಟ್ಟು ತಿಂದ ಅಥವಾ ಆಮ್ಲಜನಕ ಸಾಲದ ಜೀವಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಬಂದು ಈ ಕಿಣ್ವಕ್ಕೆ ಅಂಟಿಕೊಂಡು ಕೋಶದೊಳಗಿನ ಉಸಿರಾಟದ ಕ್ರಿಯೆಯನ್ನು ನಿಧಾನಗೊಳಿಸಿರುತ್ತದೆ. ಬೆಳಕು ಆ ಅಂಟನ್ನು ಬಿಡಿಸುತ್ತದೆ, ಕೋಶದ ಶಕ್ತಿಯನ್ನು ಹೊರುವ ಎಟಿಪಿ ಎಂಬ ಅಣುವಿನ ಉತ್ಪಾದನೆ ಮತ್ತೆ ಏರುತ್ತದೆ, ಬಿಡುಗಡೆಯಾದ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಉರಿಯೂತಕ್ಕೂ ಕೋಶ ವಿಭಜನೆಗೂ ಸಂಬಂಧಿಸಿದ ಜೀನ್‌ಗಳ ಕೆಲಸ ಬದಲಾಗುತ್ತದೆ. ನರತಂತುಗಳು ನೋವಿನ ಸಂದೇಶವನ್ನು ಸಾಗಿಸುವ ವೇಗವೂ ತಾತ್ಕಾಲಿಕವಾಗಿ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ವಿವರಣೆಯ ಎಲ್ಲ ಕೊಂಡಿಗಳೂ ಸಮಾನವಾಗಿ ಗಟ್ಟಿಯಲ್ಲವಾದರೂ, ಕೆಂಪು ಬೆಳಕು ಜೀವಕೋಶದಲ್ಲಿ ಏನೋ ಒಂದು ನಿಜವಾದ ಬದಲಾವಣೆ ತರುತ್ತದೆ ಎಂಬುದನ್ನು ಈಗ ಅಲ್ಲಗಳೆಯುವಂತಿಲ್ಲ.

ಆದರೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಕಾಣುವ ಬದಲಾವಣೆ ಮಗುವಿನ ಬಾಯಲ್ಲೂ ಕಾಣಬೇಕಾದರೆ ಬೆಳಕಿನ ಪ್ರಮಾಣ ಸರಿಯಾಗಿರಬೇಕು. ಇಡೀ ವಿಷಯದ ತಿರುಳು ಇಲ್ಲಿದೆ, ಮತ್ತು ಹೆಚ್ಚಿನ ಪ್ರಚಾರ ಬರಹಗಳು ಮೌನವಾಗುವುದೂ ಇಲ್ಲಿಯೇ. ಈ ಬೆಳಕಿನ ಪರಿಣಾಮ ಏರುತ್ತಲೇ ಹೋಗುವಂಥದ್ದಲ್ಲ. ತೀರ ಕಡಿಮೆ ಕೊಟ್ಟರೆ ಏನೂ ಆಗುವುದಿಲ್ಲ, ಹಿತಮಿತವಾಗಿ ಕೊಟ್ಟರೆ ಕೋಶಗಳು ಚುರುಕಾಗುತ್ತವೆ, ಮಿತಿ ಮೀರಿದರೆ ಅದೇ ಕೋಶಗಳ ಚಟುವಟಿಕೆ ಕುಗ್ಗುತ್ತದೆ. ಒಂದು ಸಣ್ಣ ಲೆಕ್ಕ ನೋಡಿ. 100 ಮಿಲಿವ್ಯಾಟ್ ಶಕ್ತಿಯ ಲೇಸರನ್ನು 40 ಸೆಕೆಂಡು ಹಿಡಿದರೆ ಹರಿಯುವ ಒಟ್ಟು ಶಕ್ತಿ 4 ಜೂಲ್. ಆ ಬೆಳಕು ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಹರಡಿಕೊಂಡರೆ ಅಂಗಾಂಶಕ್ಕೆ ಸಿಗುವುದು ಚದರ ಸೆಂಟಿಮೀಟರಿಗೆ 4 ಜೂಲ್. ಅದೇ ಉಪಕರಣದ ತುದಿ ಸಣ್ಣದಾಗಿ, ಬೆಳಕು ಅದರ ಹತ್ತನೇ ಒಂದು ಭಾಗದಷ್ಟು ಜಾಗದಲ್ಲಿ ಕೇಂದ್ರೀಕರಿಸಿದರೆ ಸಿಗುವುದು ಚದರ ಸೆಂಟಿಮೀಟರಿಗೆ 40 ಜೂಲ್. ಒಟ್ಟು ಶಕ್ತಿ ಒಂದೇ ಇದ್ದರೂ ಅಂಗಾಂಶದ ಅನುಭವ ಹತ್ತು ಪಟ್ಟು ಬೇರೆ. ಆದ್ದರಿಂದ ‘ಲೇಸರ್ ಕೊಟ್ಟೆವು’ ಎಂಬ ಮಾತು ‘ಔಷಧಿ ಕೊಟ್ಟೆವು’ ಎಂಬಷ್ಟೇ ಅಪೂರ್ಣ. ಯಾವ ತರಂಗಾಂತರ, ಎಷ್ಟು ಶಕ್ತಿ, ಎಷ್ಟು ಹೊತ್ತು, ಎಷ್ಟು ಅಗಲದ ಕಿರಣ, ವಸಡಿಗೆ ತಾಗಿಸಿಯೋ ದೂರದಿಂದಲೋ, ಒಂದೇ ಸಲವೋ ಮತ್ತೆ ಮತ್ತೆಯೋ ಎಂಬಿಷ್ಟೂ ಗೊತ್ತಾದಾಗ ಮಾತ್ರ ಅದೊಂದು ಚಿಕಿತ್ಸೆ ಎನಿಸಿಕೊಳ್ಳುತ್ತದೆ.

ಬಾಯಿಯೊಳಗೆ ಇನ್ನೂ ಒಂದು ತೊಡಕಿದೆ. ಹಲ್ಲು ಕಿತ್ತ ಕುಳಿ ರಕ್ತದಿಂದ ತುಂಬಿರುತ್ತದೆ, ರಕ್ತದ ಹಿಮೋಗ್ಲೋಬಿನ್ ಬೆಳಕನ್ನು ಹೀರಿಕೊಳ್ಳುತ್ತದೆ, ಸುತ್ತಲಿನ ವಸಡು ಮತ್ತು ಮೂಳೆ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಅವಕೆಂಪು ಬೆಳಕು ಕೆಂಪು ಬೆಳಕಿಗಿಂತ ಆಳಕ್ಕೆ ಇಳಿಯುತ್ತದೆ ಎಂಬುದು ನಿಜವಾದರೂ, ಕುಳಿಯ ತಳಕ್ಕೆ ತಲುಪುವುದು ಮೇಲ್ಮೈಗೆ ಬಿದ್ದ ಬೆಳಕಿನ ಒಂದು ಅಂಶ ಮಾತ್ರ. ಆದ್ದರಿಂದ ಒಂದು ಅಧ್ಯಯನದಲ್ಲಿ ಫಲ ಕಂಡಿತು, ಇನ್ನೊಂದರಲ್ಲಿ ಕಾಣಲಿಲ್ಲ ಎಂದಾಗ ಬೆಳಕೇ ನಿಷ್ಪ್ರಯೋಜಕವೋ ಅಥವಾ ಪ್ರಮಾಣ ತಪ್ಪಿತೋ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಪ್ರತಿಪಾದಕರು ಈ ಕಷ್ಟವನ್ನು ತಮಗೆ ಬೇಕಾದಂತೆ ಬಳಸಿಕೊಳ್ಳುವುದುಂಟು: ಫಲ ಬಂದರೆ ಲೇಸರ್‌ನ ಹೆಗ್ಗಳಿಕೆ, ಬಾರದಿದ್ದರೆ ಪ್ರಮಾಣದ ದೋಷ. ಹಾಗೆ ವಾದಿಸುವುದಾದರೆ ಯಾವ ಚಿಕಿತ್ಸೆಯೂ ಎಂದೂ ಸೋಲುವುದಿಲ್ಲ.

ಈಗ ಗಾಯದ ಕಡೆಗೆ ಬರೋಣ. ಮಗುವಿನ ಬಾಯಿಯ ಗಾಯ ಮಾಯುವ ವೇಗ ದೇಹದ ಬೇರೆ ಭಾಗಗಳಿಗಿಂತ ಹೆಚ್ಚು. ಕಿತ್ತ ಕೆಲವೇ ನಿಮಿಷಗಳಲ್ಲಿ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಒಂದು ವಾರದೊಳಗೆ ಆ ಹೆಪ್ಪಿನ ಜಾಗದಲ್ಲಿ ಹೊಸ ರಕ್ತನಾಳಗಳಿರುವ ಮೃದು ಅಂಗಾಂಶ ತುಂಬಿಕೊಳ್ಳತೊಡಗುತ್ತದೆ, ಎರಡು ಮೂರು ವಾರಗಳಲ್ಲಿ ಮೇಲಿನ ಪದರ ಸಾಕಷ್ಟು ಮುಚ್ಚಿಕೊಳ್ಳುತ್ತದೆ. ಹಾಲುಹಲ್ಲಿನ ಬೇರುಗಳು ಚಿಕ್ಕವು, ಉದುರುವ ವಯಸ್ಸು ಹತ್ತಿರವಾದಂತೆ ಅವು ಕರಗಿ ಇನ್ನೂ ಮೊಟಕಾಗಿರುತ್ತವೆ. ವಯಸ್ಕರನ್ನು ಕಾಡುವ, ರಕ್ತದ ಹೆಪ್ಪು ಕಳಚಿ ಮೂಳೆ ತೆರೆದುಕೊಳ್ಳುವ ಡ್ರೈ ಸಾಕೆಟ್ ಎಂಬ ತೀವ್ರ ನೋವಿನ ಸ್ಥಿತಿ ಹಾಲುಹಲ್ಲು ಕಿತ್ತ ಮಕ್ಕಳಲ್ಲಿ ಬಲು ಅಪರೂಪ. ಹೀಗೆ ತಾನಾಗಿಯೇ ಚೆನ್ನಾಗಿ ನಡೆಯುತ್ತಿರುವ ಕೆಲಸವನ್ನು ಇನ್ನಷ್ಟು ಬೇಗ ಮಾಡಿಸಿದೆವೆಂದು ತೋರಿಸಲು ಉಳಿದಿರುವ ಜಾಗವೇ ಕಿರಿದು. ಮೂರನೆಯ ದಿನದ ಛಾಯಾಚಿತ್ರದಲ್ಲಿ ಲೇಸರ್ ಕಂಡ ಕುಳಿ ಒಂದೆರಡು ಮಿಲಿಮೀಟರ್ ಕಿರಿದಾಗಿ ಕಂಡಿತೆಂದೇ ಇಟ್ಟುಕೊಳ್ಳೋಣ. ಮಗು ಊಟ ಮಾಡುವುದರಲ್ಲಿ, ನಿದ್ರಿಸುವುದರಲ್ಲಿ, ಶಾಲೆಗೆ ಹೋಗುವುದರಲ್ಲಿ ಅದರಿಂದ ಏನು ವ್ಯತ್ಯಾಸವಾಯಿತೆಂಬ ಪ್ರಶ್ನೆಗೆ ಆ ಮಿಲಿಮೀಟರ್ ಉತ್ತರಿಸುವುದಿಲ್ಲ.

ಇದಕ್ಕಿಂತ ಮುಖ್ಯವಾದ, ಆದರೆ ಚರ್ಚೆಯಲ್ಲಿ ಬಹುತೇಕ ಬಿಟ್ಟುಹೋಗುವ ಸಂಗತಿಯೊಂದಿದೆ. ಹಾಲುಹಲ್ಲಿನ ಕುಳಿಯ ಕೆಳಗೆ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ವಯಸ್ಕರಲ್ಲಿ ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಗಟ್ಟಿಯಾಗಿ ತುಂಬಿಕೊಳ್ಳುವುದು ಒಳ್ಳೆಯ ಫಲ, ಏಕೆಂದರೆ ಅಲ್ಲಿ ಮುಂದೆ ಕೃತಕ ಹಲ್ಲನ್ನು ಹೊರುವ ಇಂಪ್ಲಾಂಟ್ ಕೂರಿಸಬೇಕಾಗಬಹುದು. ಮಕ್ಕಳಲ್ಲಿ ಹಾಗಲ್ಲ. ಕೆಳಗಿನ ಹಲ್ಲಿನ ಬೇರು ಇನ್ನೂ ರೂಪುಗೊಳ್ಳದ ಹಂತದಲ್ಲಿ ಹಾಲುಹಲ್ಲನ್ನು ತೆಗೆದರೆ, ಮೇಲೆ ಮೂಳೆ ಮುಚ್ಚಿಕೊಂಡು ಶಾಶ್ವತ ಹಲ್ಲು ಮೂಡುವುದು ತಡವಾಗುತ್ತದೆ. ಬೇರು ಅರ್ಧಕ್ಕಿಂತ ಹೆಚ್ಚು ಬೆಳೆದ ಮೇಲೆ ತೆಗೆದರೆ ಹಲ್ಲು ಬೇಗ ಮೂಡುತ್ತದೆ. ಅಂದರೆ ವೇಗವಾಗಿ ಮೂಳೆ ತುಂಬಿಸುವುದು ಮಗುವಿನ ಮಟ್ಟಿಗೆ ತಾನೇತಾನಾಗಿ ಒಂದು ಗುರಿಯಲ್ಲ. ಕೆಲವು ಸೆಕೆಂಡುಗಳ ದುರ್ಬಲ ಬೆಳಕು ಹಲ್ಲು ಮೂಡುವುದನ್ನು ಕೆಡಿಸುತ್ತದೆಂದು ನಾನು ಹೇಳುತ್ತಿಲ್ಲ. ವಯಸ್ಕರ ಬುದ್ಧಿಹಲ್ಲಿನ ಮೇಲೆ ನಡೆದ ಅಧ್ಯಯನಗಳ ‘ಒಳ್ಳೆಯ ಫಲ’ವನ್ನು ಯೋಚಿಸದೆ ಮಕ್ಕಳಿಗೆ ಹೊಂದಿಸುವಂತಿಲ್ಲ ಎನ್ನುತ್ತಿದ್ದೇನೆ. ಹಾಲಿನ ದವಡೆಹಲ್ಲನ್ನು ಕಾಲಕ್ಕೆ ಮುಂಚೆ ಕಿತ್ತಾಗ ದೀರ್ಘಕಾಲದಲ್ಲಿ ಹೆಚ್ಚು ಮುಖ್ಯವಾಗುವುದು ಅಕ್ಕಪಕ್ಕದ ಹಲ್ಲುಗಳು ವಾಲದಂತೆ ಆ ಖಾಲಿ ಜಾಗವನ್ನು ಉಳಿಸುವ ಸ್ಪೇಸ್ ಮೇಂಟೇನರ್ ಬೇಕೇ ಬೇಡವೇ ಎಂಬ ನಿರ್ಧಾರ. ಲೇಸರ್ ಬಗ್ಗೆ ಹತ್ತು ಪ್ರಶ್ನೆ ಕೇಳುವ ತಂದೆತಾಯಿ ಈ ಒಂದು ಪ್ರಶ್ನೆಯನ್ನು ಮರೆಯಬಾರದು.

ನೋವಿನ ವಿಷಯ ಗಾಯದ ವಿಷಯಕ್ಕಿಂತ ಸೂಕ್ಷ್ಮ. ಮಕ್ಕಳ ನೋವನ್ನು ದೊಡ್ಡವರು ಕಡಿಮೆ ಅಂದಾಜು ಮಾಡುವುದು ವೈದ್ಯಕೀಯ ಜಗತ್ತಿನ ಹಳೆಯ, ನಾಚಿಕೆಗೇಡಿನ ಚಾಳಿ. ಹಲ್ಲು ಕಿತ್ತ ಮೇಲೆ ಮರಗಟ್ಟಿಸುವ ಚುಚ್ಚುಮದ್ದಿನ ಪ್ರಭಾವ ತುಟಿ, ಕೆನ್ನೆಗಳಲ್ಲಿ 2ರಿಂದ 5 ಗಂಟೆಗಳವರೆಗೆ ಉಳಿಯುತ್ತದೆ. ಅದು ಇಳಿಯುವ ಹೊತ್ತಿಗೆ ಮಗು ಮನೆಯಲ್ಲಿರುತ್ತದೆ, ವೈದ್ಯರ ಕಣ್ಣಿಗೆ ನೋವು ಬೀಳುವುದೇ ಇಲ್ಲ. ಸರಳವಾಗಿ ಕಿತ್ತ ಹಾಲುಹಲ್ಲಿನ ನೋವು ಬಹುಪಾಲು ಮಕ್ಕಳಲ್ಲಿ ಆ ಮೊದಲ ದಿನದ್ದು. ಅದನ್ನು ಎದುರಿಸಲು ಚೆನ್ನಾಗಿ ಪರೀಕ್ಷೆಗೊಳಗಾದ ದಾರಿ ನಮ್ಮಲ್ಲಿದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2023ರಲ್ಲಿ ಅನುಮೋದಿಸಿದ, 12 ವರ್ಷದೊಳಗಿನ ಮಕ್ಕಳ ಹಲ್ಲಿನ ತೀವ್ರ ನೋವಿಗೆ ಸಂಬಂಧಿಸಿದ ಮಾರ್ಗಸೂಚಿ ಐಬುಪ್ರೊಫೇನ್‌ನಂಥ ಉರಿಯೂತ ತಗ್ಗಿಸುವ ಔಷಧಿಯನ್ನು, ಒಂಟಿಯಾಗಿ ಅಥವಾ ಪ್ಯಾರಸಿಟಮಾಲ್ ಜೊತೆಗೆ, ಮೊದಲ ಆಯ್ಕೆಯಾಗಿ ಇರಿಸುತ್ತದೆ. ಪ್ರಮಾಣ ನಿರ್ಧಾರವಾಗಬೇಕಾದುದು ಮಗುವಿನ ತೂಕದ ಮೇಲೆ. ಐಬುಪ್ರೊಫೇನ್ ಸಾಮಾನ್ಯವಾಗಿ ಒಂದು ಸಲಕ್ಕೆ ಕಿಲೋಗೆ 10 ಮಿಲಿಗ್ರಾಂವರೆಗೆ, ಪ್ಯಾರಸಿಟಮಾಲ್ 15 ಮಿಲಿಗ್ರಾಂವರೆಗೆ. ಎರಡು ಸಲದ ನಡುವೆ ಎಷ್ಟು ಅಂತರ, ದಿನಕ್ಕೆ ಎಷ್ಟು ಸಲ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ರೈ ಸಿಂಡ್ರೋಮ್ ಎಂಬ ಅಪರೂಪದ ಆದರೆ ಮಾರಕ ತೊಂದರೆಯ ಭಯವಿರುವುದರಿಂದ ಮಕ್ಕಳಿಗೆ ಆಸ್ಪಿರಿನ್ ಕೂಡದು. ಕೋಡೀನ್ ಮತ್ತು ಟ್ರಮಡಾಲ್‌ಗಳನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಎಚ್ಚರಿಸಿದ್ದಾರೆ.

ಚುಚ್ಚುಮದ್ದಿನ ಪ್ರಭಾವ ಇಳಿಯುವ ಮೊದಲೇ ಮೊದಲ ಗುಟುಕು ಔಷಧಿ ಮಗುವಿನ ಹೊಟ್ಟೆ ಸೇರಿರಬೇಕು. ನನ್ನ ಆತಂಕವಿರುವುದು ಇಲ್ಲಿ. ‘ಲೇಸರ್ ಕೊಟ್ಟಿದ್ದೇವೆ, ಇನ್ನು ನೋವಿರುವುದಿಲ್ಲ’ ಎಂಬ ಭರವಸೆ ಪಡೆದು ಮನೆಗೆ ಹೋದ ತಂದೆತಾಯಿ ಔಷಧಿಯನ್ನು ಮುಂದೂಡುತ್ತಾರೆ. ಸಂಜೆ ಮಗು ನರಳಿದಾಗ ಅದು ಹಸಿವೆಂದೋ ಹಟವೆಂದೋ ಭಾವಿಸುತ್ತಾರೆ. ಬೆಳಕಿನಿಂದ ನೇರ ಹಾನಿ ಆಗದಿದ್ದರೂ ಬೆಳಕಿನ ಮೇಲಿನ ಅತಿಯಾದ ನಂಬಿಕೆಯಿಂದ ಮಗು ನೋವುಣ್ಣುವ ಈ ಸಾಧ್ಯತೆಯನ್ನು ಹಗುರವಾಗಿ ತೆಗೆದುಕೊಳ್ಳುವುದು ನನ್ನಿಂದಾಗದು.

ಹಾಗಾದರೆ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಏನು ಹೇಳುತ್ತವೆ? ಅವುಗಳಲ್ಲಿ ಹಲವು, ಲೇಸರ್ ಪಡೆದ ಮಕ್ಕಳ ನೋವಿನ ಅಂಕ ಮೊದಲ ಒಂದೆರಡು ದಿನ ಕಡಿಮೆ ಇತ್ತೆಂದು ವರದಿ ಮಾಡುತ್ತವೆ. ಕೆಲವು ವ್ಯತ್ಯಾಸವಿಲ್ಲವೆನ್ನುತ್ತವೆ. ಬಹುಪಾಲು ಅಧ್ಯಯನಗಳು ಒಂದೇ ಆಸ್ಪತ್ರೆಯಲ್ಲಿ ಕೆಲವೇ ಡಜನ್ ಮಕ್ಕಳ ಮೇಲೆ ನಡೆದವು, ಒಂದರಲ್ಲಿ ಬಳಸಿದ ತರಂಗಾಂತರ ಮತ್ತು ಪ್ರಮಾಣ ಇನ್ನೊಂದರಲ್ಲಿಲ್ಲ. ಹೀಗಿರುವಾಗ ಎಲ್ಲವನ್ನೂ ಒಟ್ಟುಗೂಡಿಸಿ ತೆಗೆದ ಸರಾಸರಿ ಯಾವ ಒಂದು ಚಿಕಿತ್ಸೆಯ ಸರಾಸರಿಯೂ ಆಗಿರುವುದಿಲ್ಲ.

ಅಳತೆಯದೂ ಸಮಸ್ಯೆಯೇ. ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳಿರುವ ವಾಂಗ್-ಬೇಕರ್ ಚಿತ್ರಪಟದಲ್ಲಿ ಮಗು ಒಂದು ಮುಖವನ್ನು ತೋರಿಸುತ್ತದೆ. ಇನ್ನೂ ಚಿಕ್ಕವರಾದರೆ ಮುಖಭಾವ, ಕಾಲುಗಳ ಚಲನೆ, ಚಟುವಟಿಕೆ, ಅಳು, ಸಮಾಧಾನಗೊಳ್ಳುವಿಕೆ ಎಂಬ ಐದು ಅಂಶಗಳನ್ನು ದೊಡ್ಡವರು ನೋಡಿ ಅಂಕ ಕೊಡುತ್ತಾರೆ. ಐದು ವರ್ಷದ ಮಗುವಿಗೆ ನೋವು, ಭಯ, ಬಾಯಿ ಮರಗಟ್ಟಿದ ಕಸಿವಿಸಿ ಇವು ಬೇರೆಬೇರೆ ಅಲ್ಲ. ಬಣ್ಣದ ಕನ್ನಡಕ ತೊಟ್ಟು, ಕೆಂಪು ಬೆಳಕಿನ ಮಾಂತ್ರಿಕ ಕಡ್ಡಿ ಬಾಯಿಗೆ ಬರುವುದೇ ಅದಕ್ಕೆ ಗಮನ ಸೆಳೆಯುವ ಒಂದು ಸಂಗತಿ, ಮತ್ತು ಗಮನ ಬೇರೆಡೆ ಹೊರಳಿದರೆ ನೋವು ನಿಜವಾಗಿಯೂ ತಗ್ಗುತ್ತದೆ. ಆದ್ದರಿಂದ ಹೋಲಿಕೆಯ ಗುಂಪಿಗೂ ಅದೇ ಉಪಕರಣವನ್ನು ಶಕ್ತಿ ಹರಿಸದೆ ಅಷ್ಟೇ ಹೊತ್ತು ಹಿಡಿಯದಿದ್ದರೆ ಬೆಳಕಿನ ಫಲ ಯಾವುದು, ಅಕ್ಕರೆಯ ಫಲ ಯಾವುದೆಂದು ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಹೀಗೆ ಮರೆಮಾಚುವುದು ಸುಲಭ, ಕೆಂಪು ಬೆಳಕಿನಲ್ಲಿ ಕಷ್ಟ.

ಒಂದೇ ಮಗುವಿನ ಬಾಯಿಯ ಒಂದು ಬದಿಗೆ ಲೇಸರ್, ಇನ್ನೊಂದು ಬದಿಗೆ ಬರಿಯ ನಟನೆ ಎಂಬ ವಿನ್ಯಾಸ ಮೇಲ್ನೋಟಕ್ಕೆ ಜಾಣತನದ್ದು, ಏಕೆಂದರೆ ಮಕ್ಕಳ ನಡುವಿನ ವ್ಯತ್ಯಾಸ ಇಲ್ಲವಾಗುತ್ತದೆ. ಆದರೆ ಎರಡೂ ಬದಿಯ ಹಲ್ಲನ್ನು ಒಂದೇ ದಿನ ಕಿತ್ತರೆ ಯಾವ ಬದಿಯ ನೋವು ಎಷ್ಟೆಂದು ಚಿಕ್ಕ ಮಗು ಬಿಡಿಸಿ ಹೇಳಲಾರದು. ಬೇರೆ ಬೇರೆ ದಿನ ಕಿತ್ತರೆ ಮೊದಲ ದಿನದ ಭಯ ಎರಡನೆಯ ದಿನದ ಅಂಕಗಳಿಗೆ ಬಣ್ಣ ಹಚ್ಚುತ್ತದೆ. ಇದೆಲ್ಲದರ ಮೇಲೆ, ಸರಳ ಹಲ್ಲು ಕೀಳುವಿಕೆಯಲ್ಲಿ ಎರಡೂ ಗುಂಪುಗಳ ನೋವು ಮೊದಲೇ ಕೆಳಮಟ್ಟದಲ್ಲಿರುವುದರಿಂದ, ಅಂಕಿಅಂಶದ ಲೆಕ್ಕದಲ್ಲಿ ಗಣನೀಯವೆನಿಸುವ ವ್ಯತ್ಯಾಸ ಮಗುವಿನ ಅನುಭವದಲ್ಲಿ ಗಣನೆಗೇ ಬಾರದಿರಬಹುದು. ನಾನು ಅಧ್ಯಯನಗಳಲ್ಲಿ ಮೊದಲು ಹುಡುಕುವುದು ಮುಖಗಳ ಅಂಕವನ್ನಲ್ಲ, ಮಗುವಿಗೆ ನೋವಿನ ಔಷಧಿ ಎಷ್ಟು ಸಲ ಬೇಕಾಯಿತು ಎಂಬ ಲೆಕ್ಕವನ್ನು.

ಈ ಬೆಳಕು ಗಟ್ಟಿಯಾಗಿ ನಿಂತಿರುವ ಜಾಗವೂ ಒಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ಬಾಯಲ್ಲಿ ಏಳುವ ಹುಣ್ಣುಗಳನ್ನು ತಡೆಯಲು ಈ ಚಿಕಿತ್ಸೆ ಮಾರ್ಗಸೂಚಿಗಳೊಳಗೆ ಬಂದಿದೆ. ಚಿಕಿತ್ಸೆಗಳನ್ನು ಪರಿಶೀಲಿಸಿ ಮಾರ್ಗಸೂಚಿ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಅದಕ್ಕೆ ಸಮ್ಮತಿಸಿತು, ಕ್ಯಾನ್ಸರ್ ಪೂರಕ ಆರೈಕೆಯ ಅಂತರರಾಷ್ಟ್ರೀಯ ಸಂಘಟನೆಯ 2020ರ ಮಾರ್ಗಸೂಚಿ ಯಾವ ರೋಗಿಗೆ ಯಾವ ಪ್ರಮಾಣವೆಂಬುದನ್ನೂ ನಮೂದಿಸಿ ಶಿಫಾರಸು ಮಾಡಿತು. ಮೂಳೆಮಜ್ಜೆ ಕಸಿಗೆ ಒಳಗಾಗುವ ಮಕ್ಕಳ ಮಾರ್ಗಸೂಚಿಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಅಲ್ಲಿ ನೋವು ಅಗಾಧ, ಗಾಯ ಬೇಗ ಮಾಯದು, ಬೆಳಕು ನೇರವಾಗಿ ತಲುಪಬಹುದಾದ ತೆಳು ಪದರ ಅದು, ಚಿಕಿತ್ಸೆ ದಿನದಿನವೂ ನಡೆಯುತ್ತದೆ. ಹಾಲುಹಲ್ಲಿನ ಕುಳಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅದೇ ಯಂತ್ರ, ಅದೇ ಬೆಳಕು ಎಂಬ ಕಾರಣಕ್ಕೆ ಅಲ್ಲಿಯ ಪುರಾವೆಯನ್ನು ಇಲ್ಲಿಗೆ ಎರವಲು ತರಲಾಗದು.

ಸುರಕ್ಷತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಇಲ್ಲಿ ಬಳಸುವ ಉಪಕರಣಗಳು ಬಹುತೇಕ ಲೇಸರ್ ಸುರಕ್ಷತಾ ವರ್ಗೀಕರಣದ 3ಬಿ ವರ್ಗಕ್ಕೆ, ಅಂದರೆ 5ರಿಂದ 500 ಮಿಲಿವ್ಯಾಟ್ ಶಕ್ತಿಯ ಗುಂಪಿಗೆ ಸೇರುತ್ತವೆ. ನೇರವಾಗಿ ಕಣ್ಣಿಗೆ ಬಿದ್ದರೆ ಅಕ್ಷಿಪಟಲಕ್ಕೆ ಹಾನಿಯಾಗುತ್ತದೆ. ಅವಕೆಂಪು ಬೆಳಕು ಕಾಣದಿರುವುದರಿಂದ ರೆಪ್ಪೆ ಮುಚ್ಚುವ ಸಹಜ ರಕ್ಷಣೆಯೂ ಕೆಲಸ ಮಾಡದು. ಮಗು, ವೈದ್ಯರು, ಸಹಾಯಕರು, ಮಗುವನ್ನು ಹಿಡಿದಿರುವ ತಾಯಿ ಎಲ್ಲರೂ ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಧರಿಸಲೇಬೇಕು. ಕೊಸರಾಡುವ ಮಗುವಿನ ಬಾಯಲ್ಲಿ ಈ ಕೆಲಸ ಮಾಡಬಾರದು. ಆ ಜಾಗದಲ್ಲಿ ಗೆಡ್ಡೆಯ ಶಂಕೆ ಇದ್ದರೂ ಮಾಡಬಾರದು. ಕೀವು ತುಂಬಿದ ಸೋಂಕನ್ನು ಬೆಳಕು ಗುಣಪಡಿಸುವುದಿಲ್ಲ. ಮುಖ ಊದಿ ಜ್ವರ ಬಂದ ಮಗುವಿಗೆ ಬೇಕಾದುದು ತುರ್ತು ಚಿಕಿತ್ಸೆಯೇ ಹೊರತು ಲೇಸರ್ ಅಲ್ಲ.

ನನಗೆ ನಿಜವಾದ ಭರವಸೆ ಕಾಣುವುದು ಸಾಮಾನ್ಯ ಮಕ್ಕಳಲ್ಲಲ್ಲ, ಐಬುಪ್ರೊಫೇನ್ ಕೊಡಲಾಗದ ಮಕ್ಕಳಲ್ಲಿ. ಹಿಮೋಫಿಲಿಯಾದಂಥ ರಕ್ತಸ್ರಾವದ ತೊಂದರೆ ಇರುವವರು, ಮೂತ್ರಪಿಂಡದ ಕಾಯಿಲೆಯವರು, ಈ ಬಗೆಯ ಔಷಧಿಗಳಿಂದ ಉಬ್ಬಸ ಕೆರಳುವವರು, ರೋಗನಿರೋಧಕ ಶಕ್ತಿ ಕುಂದಿ ಗಾಯ ಮಾಯಲು ತಡವಾಗುವವರು ನೋವಿನ ಆಯ್ಕೆಗಳಲ್ಲಿ ಬಡವರಾಗಿರುತ್ತಾರೆ. ವಸಡು ಬಿಡಿಸಿ, ಮೂಳೆ ತೆಗೆದು ಶಸ್ತ್ರಕ್ರಿಯೆಯಿಂದ ಹಲ್ಲು ತೆಗೆಯಬೇಕಾದ ದೊಡ್ಡ ಮಕ್ಕಳಲ್ಲೂ ನೋವು ಹೆಚ್ಚು ದಿನ ಇರುತ್ತದೆ. ಅವರಿಗೆ ಸಣ್ಣ ಲಾಭವೂ ಸಣ್ಣದಲ್ಲ. ಆದರೆ ಅಧ್ಯಯನಗಳು ಸಾಮಾನ್ಯವಾಗಿ ಬೇರೆ ಕಾಯಿಲೆ ಇರುವ ಮಕ್ಕಳನ್ನು ಮೊದಲೇ ಹೊರಗಿಡುತ್ತವೆ, ಪೂರ್ಣ ಆರೋಗ್ಯವಂತರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಫಲಿತಾಂಶ ಸ್ವಚ್ಛವಾಗಿರಲಿ ಎಂಬ ಆ ಎಚ್ಚರಿಕೆಯಿಂದಾಗಿ, ಬೆಳಕು ಯಾರಿಗೆ ಹೆಚ್ಚು ಬೇಕಾಗಿದೆಯೋ ಅವರ ಬಗ್ಗೆಯೇ ಉತ್ತರ ಸಿಗದಂತಾಗಿದೆ. ಮುಂದಿನ ಅಧ್ಯಯನಗಳು ಹಲವು ಆಸ್ಪತ್ರೆಗಳು ಸೇರಿ, ಮೊದಲೇ ನಿಗದಿಪಡಿಸಿದ ಒಂದೇ ಪ್ರಮಾಣದಲ್ಲಿ, ಈ ಮಕ್ಕಳನ್ನು ಒಳಗೊಂಡು ನಡೆಯಬೇಕು. ಅವುಗಳಲ್ಲಿ ಔಷಧಿಯ ಬಳಕೆ, ಮೊದಲ ರಾತ್ರಿಯ ನಿದ್ರೆ ಮತ್ತು ಶಾಶ್ವತ ಹಲ್ಲು ಮೂಡಿದ ಕಾಲ ಇವುಗಳನ್ನು ದಾಖಲಿಸಬೇಕು.

ಅಲ್ಲಿಯವರೆಗೆ, ಲೇಸರ್ ಸಲಹೆ ಎದುರಾದ ತಂದೆತಾಯಿ ಕೇಳಬೇಕಾದುದು ಇಷ್ಟು: ನನ್ನ ಮಗುವಿಗೆ ಇದು ಏಕೆ ಬೇಕು, ಪ್ರಮಾಣ ಎಷ್ಟು, ಕನ್ನಡಕ ಎಲ್ಲಿ, ಮತ್ತು ಮನೆಗೆ ಹೋದ ಮೇಲೆ ನೋವಿನ ಔಷಧಿಯನ್ನು ಎಷ್ಟು ಗಂಟೆಗೆ, ಎಷ್ಟು ಮಿಲಿಲೀಟರ್ ಕೊಡಬೇಕು. ಕೊನೆಯ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಗದೆ ಅಲ್ಲಿಂದ ಏಳಬಾರದು, ಲೇಸರ್ ಕೊಡಿಸಿದರೂ ಸರಿ, ಬಿಟ್ಟರೂ ಸರಿ.